ಸತ್ತವರ ಪುಟದಲ್ಲಿ ಒಬ್ಬ ಸಾರ್ವಭೌಮ

ನಾನು ಸತ್ತ ಸುದ್ದಿ ನನಗೆ ತಿಳಿದದ್ದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ. ಬಾಯಿ ತುಂಬ ನೊರೆ ಇದ್ದುದರಿಂದ ಕೂಡಲೇ ಆಕ್ಷೇಪಣೆ ಸಲ್ಲಿಸಲಾಗಲಿಲ್ಲ. (ಆಮೇಲೆ ಸಲ್ಲಿಸಿದ ಆಕ್ಷೇಪಣೆಗಳಿಗೆ ಏನು ಗತಿಯಾಯಿತೆಂಬುದೇ ಈ ಕಥೆ.)

ಇಷ್ಟಕ್ಕೂ ಕಾರಣ ನನ್ನ ವಿದ್ವತ್ತು. ಹೆಸರು ಅಸ್ರಾತ್. ಆಡಿಸ್ ಅಬಾಬಾದ ಒಂದು ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತಿದ್ದೇನೆ. ನನ್ನ ಸಿದ್ಧಾಂತ ಸರಳ. ಲೋಕದಲ್ಲಿ ರಾಷ್ಟ್ರಗಳಿಗೆ ಮೇಲೊಬ್ಬ ಹಿರಿಯನಿಲ್ಲ, ಕೂಗಿದರೆ ಓಡಿಬರುವ ಪೊಲೀಸಿಲ್ಲ. ಆದ್ದರಿಂದ ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ತೋಳೇ ಗತಿ. ಸ್ನೇಹ, ಒಪ್ಪಂದ, ಮೈತ್ರಿಕೂಟ ಎಲ್ಲ ಬಿಡುವಿದ್ದಾಗ ಆಡುವ ಮಾತು. ಇದನ್ನು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಯೆಶಿಮೆಬೆತ್, “ಹೌದಾ? ಹಾಗಾದ್ರೆ ಇವತ್ತು ಇಂಜೆರಾ ಹಿಟ್ಟನ್ನೂ ನಿಮ್ಮ ತೋಳಿಂದ್ಲೇ ಕಾವಲಿ ಮೇಲೆ ಹುಯ್ಕೊಳ್ರೀ” ಅನ್ನುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಎರಡೇ ಶಕ್ತಿಗಳಿರುವ ಲೋಕದಲ್ಲಿ ಬಲಸಮತೋಲನ ಬಹಳ ಕಾಲ ನಿಲ್ಲುತ್ತದೆಂದು ನಾನು ಒಂದು ಪ್ರಬಂಧವನ್ನೂ ಬರೆದಿದ್ದೆ. ಯೆಶಿ ಅದನ್ನು ಓದಿರಲಿಲ್ಲ.

ನಮ್ಮ ಬೀದಿಗೆ ಒಂದು ಇದ್ದಿರ್ ಇದೆ. ಯಾರ ಮನೆಯಲ್ಲಿ ಸಾವಾದರೂ ಇದ್ದಿರ್‌ನವರು ಗುಡಾರ, ಬೆಂಚು, ಹಂಡೆಗಳ ಸಮೇತ ಬಂದು ನಿಲ್ಲುತ್ತಾರೆ. ಮೂರು ದಿನ ಜೊತೆಗೆ ಕೂತು ಅಳುತ್ತಾರೆ, ಅಡುಗೆ ಮಾಡಿ ಬಡಿಸುತ್ತಾರೆ. ಯೆಶಿ ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಒಂದು ಸಾವನ್ನೂ ತಪ್ಪಿಸಿದವಳಲ್ಲ. ನಾನು ಮಾತ್ರ ಆ ವರ್ಷ ಸಾಲಾಗಿ ಮೂರು ತಪ್ಪಿಸಿದ್ದೆ. ನನ್ನ ಮಹಾಗ್ರಂಥ ಆರನೆಯ ಅಧ್ಯಾಯದಲ್ಲಿತ್ತು. ಜನ ಅದನ್ನು ಗಮನಿಸದೆ ಸಾಯುತ್ತಿದ್ದರು.

ಮೂರು ತಪ್ಪಿಸಿದವರು ಮುಂದಿನ ಮೂರು ಸಾವಿಗೆ ಬೆಂಚು ಹೊರಬೇಕೆಂಬುದು ನಿಯಮ. ಮಳೆಗಾಲದ ಒಂದು ಭಾನುವಾರದ ಸಭೆಯಲ್ಲಿ ಇದ್ದಿರ್‌ನ ಹಿರಿಯರಾದ ಗಾಶೆ ವೊಂದಿರಾದ್ (ಗಾಶೆ ಎಂಬುದು ದೊಡ್ಡವರನ್ನು ಕರೆಯುವ ಮರ್ಯಾದೆಯ ಮಾತು) ಅದನ್ನು ಬಹಳ ಮೆತ್ತಗೆ ಹೇಳಿದರು. ಅವರು ಯಾವುದನ್ನೂ ಜೋರಾಗಿ ಹೇಳುವವರಲ್ಲ. ನನಗೆ ಆಗಲೇ ಆ ಭವ್ಯವಾದ ಯೋಚನೆ ಹೊಳೆದದ್ದು. ಎದ್ದು ನಿಂತೆ.

“ಗಾಶೆ, ನಾನು ಬೆಂಚು ಹೊರೋದಿಲ್ಲ. ಬಲ ಇರೋನಿಗೆ ಕೂಟ ಬೇಡ. ಈ ಕ್ಷಣದಿಂದ ನಾನು ಸ್ವತಂತ್ರ. ನನ್ನ ಹೆಸರು ತೆಗೆದುಹಾಕಿ” ಎಂದೆ.

ಗಾಶೆ ಕನ್ನಡಕ ಒರೆಸಿಕೊಂಡರು. “ಮನೆಗೊಂದು ಹೆಸರು ಕಣಪ್ಪ. ಯಜಮಾನ ಬಿಟ್ಟುಹೋದ್ರೆ ಮನೆಯವರೂ ಹೋದ ಹಾಗೇ. ಯೆಶಿಗೆ ನಾಳೆ ಏನಾದ್ರೂ ಆದ್ರೆ ನಾವ್ಯಾರೂ ಬರೋ ಹಾಗಿಲ್ಲ. ಯೋಚಿಸಿ ಹೇಳ್ತಿದೀಯಾ?”

“ಯೋಚಿಸೋದೇ ನನ್ನ ಕೆಲಸ” ಎಂದೆ. ಹೆಂಗಸರ ಸಾಲಿನಲ್ಲಿ ಯೆಶಿ ಕೂತಿದ್ದಳು. ಅವಳ ಕಡೆ ನಾನು ನೋಡಲಿಲ್ಲ. ದೊಡ್ಡ ರಾಷ್ಟ್ರಗಳು ನಿರ್ಣಯ ಪ್ರಕಟಿಸುವಾಗ ಅಡುಗೆಮನೆಯ ಕಡೆ ನೋಡುವುದಿಲ್ಲ.

ಇದ್ದಿರ್‌ನ ಕಾರ್ಯದರ್ಶಿ ಆತೊ ಲಿಸಾನು, ವೃತ್ತಿಯಿಂದ ದರ್ಜಿ, ದೊಡ್ಡ ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. “ಗಾಶೆ, ಹೆಸರು ತೆಗೆಯೋಕೆ ಇದರಲ್ಲಿ ಒಂದೇ ಪುಟ ಇದೆ” ಎಂದರು. “ಸತ್ತವರದು. ನಮ್ಮಪ್ಪನ ಕಾಲದಿಂದ ಬದುಕಿದ್ದಾಗ ಬಿಟ್ಟುಹೋದೋರು ಯಾರೂ ಇಲ್ಲ.”

“ಯಾವ ಪುಟವಾದರೂ ಸರಿ” ಎಂದು ನಾನು ಉದಾರವಾಗಿ ಹೇಳಿದೆ.

ಗಾಶೆ ಹೆಂಗಸರ ಸಾಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆಯಾಡಿಸಿದರು. ಲಿಸಾನು ಬರೆದರು. ಸತ್ತವರ ಪುಟದಲ್ಲಿ ಹೆಸರು ಬರೆದಾಗ ಎಲ್ಲರೂ ಎದ್ದು ನಿಲ್ಲುವುದು ವಾಡಿಕೆ, ಎಲ್ಲರೂ ಎದ್ದರು. “ಅವನ ಆತ್ಮಕ್ಕೆ ದೇವರು ಕರುಣೆ ತೋರಲಿ” ಎಂದು ನಲವತ್ತು ಗಂಟಲುಗಳು ಒಟ್ಟಿಗೆ ಹೇಳಿದವು. ಅಭ್ಯಾಸಬಲದಿಂದ ನಾನೂ ಹೇಳಿಬಿಟ್ಟೆ.

ಮಾರನೆಯ ಬೆಳಿಗ್ಗೆ ಎಂಟೊಟೊ ಬೆಟ್ಟದಿಂದ ಮಂಜು ಇಳಿದು ಬೀದಿಯನ್ನು ನುಂಗಿತ್ತು. ನಾನು ಹಲ್ಲುಜ್ಜುತ್ತಿದ್ದೆ. ಮಂಜಿನೊಳಗಿಂದ ಇದ್ದಿರ್‌ನ ಕಹಳೆ ಕೇಳಿಸಿತು. ಅದು ಊದುವುದು ಸಾವಿಗೆ ಮಾತ್ರ. ಊದುವವನು ಕಾಣಿಸಲಿಲ್ಲ. ಪಾಪ, ಯಾರೋ ಹೋದರು ಅಂದುಕೊಳ್ಳುವಷ್ಟರಲ್ಲಿ ಧ್ವನಿ ಹತ್ತಿರ ಬಂತು. “ಕೇಳ್ರಪ್ಪೋ! ಮೇಷ್ಟ್ರು ಅಸ್ರಾತ್ ತೀರಿಕೊಂಡ್ರು! ಎಲ್ಲಾರೂ ಬನ್ನಿ!” ಕಿಟಕಿಯ ಮುಂದೆಯೇ ಹಾದುಹೋಯಿತು. ನಾನು ಬ್ರಷ್ ಹಿಡಿದು ಕಿಟಕಿಯಿಂದ ಅರ್ಧ ದೇಹ ಹೊರಗೆ ಚಾಚಿದೆ. ಕಹಳೆಯವನ ಬೆನ್ನು ಮಂಜಿನಲ್ಲಿ ಕರಗುತ್ತಿತ್ತು. ಗಲ್ಲದ ಮೇಲಿನ ನೊರೆ ತಣ್ಣಗಾಗಿತ್ತು.

“ಯೆಶಿ! ಕೇಳಿಸ್ತಾ? ಹುಚ್ಚು ಹಿಡಿದಿದೆ ಇವರಿಗೆ!”

ಯೆಶಿ ಪೆಟ್ಟಿಗೆಯ ಮುಂದೆ ಕೂತಿದ್ದಳು. ತಳದಿಂದ ಕಪ್ಪು ಬಟ್ಟೆ ತೆಗೆದಳು, ಕೊಡವಿದಳು, ಮಡಿಕೆ ಬಿಡಿಸಿ ಮೂಸಿದಳು. ನನ್ನ ಪಕ್ಕದಲ್ಲೇ ಹಾದು ಹೋಗಿ ಬಾಗಿಲು ತೆರೆದಳು. ಹೊರಗೆ ನಾಲ್ಕು ಜನ ಗುಡಾರದ ಗೂಟ ಹೊಡೆಯುತ್ತಿದ್ದರು.

ಬೆದರಿಕೆ ಅಂದುಕೊಂಡೆ. ನನ್ನ ಮೂರನೆಯ ಅಧ್ಯಾಯದಲ್ಲಿ ಇದರ ವಿವರಣೆ ಇದೆ: ಚಿಕ್ಕ ಶಕ್ತಿಗಳೆಲ್ಲ ಸೇರಿ ದೊಡ್ಡ ಶಕ್ತಿಯನ್ನು ಹೆದರಿಸಲು ನೋಡುತ್ತವೆ, ದೊಡ್ಡದು ಕಣ್ಣು ಮಿಟುಕಿಸದೆ ಕೂತರೆ ಕೂಟ ತಾನಾಗಿ ಬಿರುಕು ಬಿಡುತ್ತದೆ. ನಾನು ಕಣ್ಣು ಮಿಟುಕಿಸದೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಗುಡಾರದಲ್ಲಿ ನನ್ನ ಫೋಟೊ ಬಂತು. ದೂರದ ಊರಿನಲ್ಲಿ ಸತ್ತವರಿಗೆ ಹೆಣವಿಲ್ಲದೆ ಫೋಟೊ ಇಟ್ಟು ಅಳುವುದುಂಟು, ಹಾಗೆ. ಇದ್ದಿರ್ ಸೇರುವಾಗ ಕೊಟ್ಟಿದ್ದ ಚಿಕ್ಕ ಫೋಟೊವನ್ನು ದೊಡ್ಡದು ಮಾಡಿಸಿದ್ದರು. ಅದರಲ್ಲಿ ನನಗೆ ಕೂದಲಿತ್ತು. ಆ ತರುಣ ನನ್ನನ್ನು ಎಲ್ಲಿ ನಿಂತರೂ ನೋಡುತ್ತಿದ್ದ. ನಿಜ ಹೇಳಬೇಕೆಂದರೆ ಆ ದಿನ ನನ್ನನ್ನು ನೋಡಿದವನು ಅವನೊಬ್ಬನೇ.

ಅಳುವುದರಲ್ಲಿ ನಮ್ಮ ಬೀದಿಗೆ ವೇಯ್ಜೆರೊ ಅಸ್ಕಾಲೆ ಎಂಬ ಹೆಂಗಸನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಸತ್ತವನ ಗುಣಗಳನ್ನು ಹಾಡು ಕಟ್ಟಿ ಅಳುತ್ತಾಳೆ. ಕಲ್ಲಿನಂಥ ಗಂಡಸರೂ ಕರಗುತ್ತಾರೆ. ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ. ಒಪ್ಪಿಕೊಳ್ಳುತ್ತೇನೆ, ಸ್ವಲ್ಪ ಕುತೂಹಲವಿತ್ತು.

“ಯೆಶಿ, ನಿಮ್ಮೆಜಮಾನ್ರ ಬಗ್ಗೆ ಏನಾದ್ರೂ ಹೇಳಮ್ಮ. ಹಾಡು ಕಟ್ಟಬೇಕು” ಎಂದಳು ಅಸ್ಕಾಲೆ.

“ಓದ್ತಿದ್ರು.”

“ಅದಿರ್ಲಿ. ಯಾರಿಗಾದ್ರೂ ಏನಾದ್ರೂ ಮಾಡಿದ್ರಾ?”

ಗುಡಾರದ ಮೇಲೆ ಮಳೆ ಬೀಳುತ್ತಿತ್ತು.

“ಬೂಟು” ಎಂದರು ಕೊನೆಗೆ ಲಿಸಾನು. “ಬೂಟು ಯಾವಾಗ್ಲೂ ಹೊಳೀತಿತ್ತು.”

“ಅಯ್ಯೋ, ಹೊಳೆಯೋ ಬೂಟಿನ ಧಣಿಯೇ!” ಎಂದು ಅಸ್ಕಾಲೆ ಶುರುಮಾಡಿದಳು. ಎಷ್ಟಾದರೂ ಕಲಾವಿದೆ, ಎರಡು ಸಾಲು ಎಳೆದಳು, ಮೂರನೆಯದಕ್ಕೆ ಸರಕಿಲ್ಲದೆ ನಿಂತಳು. “ಮಾತಾದ್ರೂ ಚೆನ್ನಾಗಿ ಆಡ್ತಿದ್ರೇನಮ್ಮ?”

“ಆಡ್ತಿದ್ರು. ನನ್ನ ಹತ್ರ ಅಲ್ಲ. ಆದ್ರೆ ಆಡ್ತಿದ್ರು” ಎಂದಳು ಯೆಶಿ.

ಇದಕ್ಕೆ ಮಾತ್ರ ಹೆಂಗಸರೆಲ್ಲ ನಿಜವಾಗಿ ಅತ್ತರು. ಬಾಗಿಲ ಹಿಂದೆ ನಾನು ನನ್ನ ಬೂಟುಗಳನ್ನು ನೋಡಿಕೊಂಡೆ.

ಮೂರನೆಯ ದಿನ ಗಾಶೆ ಯಾರಿಗೋ ವಿವರಿಸುತ್ತಿದ್ದುದು ಕಿವಿಗೆ ಬಿತ್ತು. “ಅವನು ಬಿಟ್ಟುಹೋದ ಅಂತ ಬರೆದ್ರೆ ಈ ಹುಡುಗೀನೂ ಹೋಗ್ತಾಳೆ. ಸತ್ತ ಅಂತ ಬರೆದ್ರೆ ವಿಧವೆ ಉಳೀತಾಳೆ. ನಮಗೆ ಬೇಕಾಗಿದ್ದು ಯೆಶಿ ಕಣಯ್ಯ.” ಹೀಗೆ ಒಂದು ರಾಷ್ಟ್ರದ ಅರ್ಧ ಭಾಗವನ್ನು ಉಳಿಸಿಕೊಳ್ಳಲು ಇನ್ನರ್ಧವನ್ನು ಭೂಪಟದಿಂದಲೇ ಅಳಿಸಿದ್ದರು. ಇಷ್ಟು ಚೊಕ್ಕವಾದ ರಾಜತಾಂತ್ರಿಕತೆಯನ್ನು ನಾನು ಪುಸ್ತಕಗಳಲ್ಲೂ ಓದಿರಲಿಲ್ಲ. ಕಾರಣ ತಿಳಿದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ, ಯಾಕೆಂದರೆ ಗುಡಾರ ಬಿಚ್ಚಿ, ಜನ ಚದುರಿದ ಮೇಲೂ ಯಾರೂ ಆಟ ನಿಲ್ಲಿಸಲಿಲ್ಲ.

ಬೆಂಕಿಪೊಟ್ಟಣಕ್ಕೆ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಎದೆಯ ಮೂಲಕ ಬೀದಿಯನ್ನು ನೋಡುತ್ತ, “ಏನು ಚಳಿ ಇದು, ಇದ್ದಕ್ಕಿದ್ದ ಹಾಗೆ” ಎಂದು ಶಾಲು ಹೊದ್ದುಕೊಂಡ. ಹತ್ತು ವರ್ಷಗಳಿಂದ ನನ್ನನ್ನು ಕಂಡರೆ ಹರಿದು ಬೀಳುತ್ತಿದ್ದ ಮೂಲೆಮನೆಯ ನಾಯಿ ತಲೆ ಎತ್ತಿ, ಗಾಳಿ ಮೂಸಿ, ಮತ್ತೆ ಮಲಗಿತು. (ಮನುಷ್ಯರನ್ನು ಸಭೆ ಕರೆದು ಒಪ್ಪಿಸಬಹುದು. ನಾಯಿಯನ್ನು ಯಾರು ಒಪ್ಪಿಸಿದರು?) ಚರ್ಚಿನ ಬಾಗಿಲಲ್ಲಿ ಕೂತ ಕುರುಡನ ಕೈಗೆ ನಾಣ್ಯ ಹಾಕಿದೆ. ಅವನು ನಾಣ್ಯ ಸವರಿ, “ಸತ್ತ ಮೇಷ್ಟ್ರ ಆತ್ಮಕ್ಕೆ ಶಾಂತಿ ಸಿಗಲಿ” ಎಂದ. ನನ್ನ ಕೈಯ ಬಿಸಿ ಅವನಿಗೆ ತಾಗಿರಲೇಬೇಕು. ತಾಗಿತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮೈತ್ರಿಕೂಟವನ್ನು ಒಡೆಯಬೇಕಾದರೆ ಅದರ ದುರ್ಬಲ ಕೊಂಡಿಯನ್ನು ಹಿಡಿಯಬೇಕು. ನಮ್ಮಲ್ಲಿ ಅದು ಲಿಸಾನು. ಹೊಗಳಿದರೆ ಹಿಗ್ಗುವ ಮನುಷ್ಯ. ಅವರ ಹೊಲಿಗೆ ಅಂಗಡಿಗೆ ಹೋಗಿ, “ಆತೊ ಲಿಸಾನು, ನಿಮ್ಮ ಕೈಗೆ ಸಮ ಈ ಊರಲ್ಲಿ ಯಾರೂ ಇಲ್ಲ. ನನ್ನ ಪ್ಯಾಂಟು ಆಗಿದೆಯಾ? ನಾವಿಬ್ಬರೇ ಒಂದು ಒಪ್ಪಂದ ಮಾಡ್ಕೊಳ್ಳೋಣ” ಎಂದೆ. ಹೊಲಿಗೆ ಯಂತ್ರ ನಿಂತಿತು. ಲಿಸಾನು ಬೂದು ಪ್ಯಾಂಟನ್ನು ಎತ್ತಿ ಹಿಡಿದು ಖಾಲಿ ಕಾಲುಗಳನ್ನು ದೀರ್ಘವಾಗಿ ನೋಡಿದರು. “ಸತ್ತೋರದು. ಯೆಶಿಗೆ ತಲುಪಿಸಬೇಕು” ಎಂದು ಗೋಡೆಗೆ ಹೇಳಿ ಶಿಲುಬೆಯ ಗುರುತು ಮಾಡಿಕೊಂಡರು. ನಾಟಕವಾದರೆ ಶಿಲುಬೆಯವರೆಗೆ ಹೋಗಬೇಕಾದ ಅಗತ್ಯವಿರಲಿಲ್ಲ.

ಉಳಿದದ್ದು ಬಲಪ್ರದರ್ಶನ. ಹಾಡುಹಗಲೇ ಬೀದಿಯ ನಡುವೆ ನಿಂತು ತಪ್ಪಲೆ ಬಡಿದೆ. “ನಾನಿಲ್ಲೇ ಇದೀನಿ! ನನ್ನನ್ನ ನೋಡ್ರೋ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮಂಜಿನಲ್ಲಿ ತಪ್ಪಲೆಯ ಸದ್ದು ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಇಪ್ಪತ್ತೆರಡು ವರ್ಷ ಬಲದ ಬಗ್ಗೆ ಪಾಠ ಹೇಳಿದ್ದೇನೆ. ಅದನ್ನು ತೋರಿಸಬೇಕಾದರೆ ಎದುರಿಗೆ ನೋಡುವವನೊಬ್ಬ ಬೇಕೆಂದು ನನಗೆ ಆವತ್ತಿನವರೆಗೆ ಹೊಳೆದಿರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಮಳೆಗಾಲದ ರಜೆ, ಸಹೋದ್ಯೋಗಿಗಳೆಲ್ಲ ಅವರವರ ಊರಿಗೆ ಹೋಗಿದ್ದರು. ನಾನು ಇರುವುದನ್ನು ಯಾರಾದರೂ ಒಪ್ಪಬೇಕಾದರೆ ಅದು ಯೆಶಿಯೇ. ಅವಳು ಒಮ್ಮೆ, ಒಂದೇ ಒಂದು ಸಲ ನನ್ನನ್ನು ಬೈದರೆ ಸಾಕಿತ್ತು. ಅವಳು ಒಂದು ತಟ್ಟೆ ಇಡುತ್ತಿದ್ದಳು. ಇಂಜೆರಾವನ್ನು ಒಂದೇ ಕಡೆಯಿಂದ ಮುರಿದು ತಿನ್ನುತ್ತಿದ್ದಳು. ನನ್ನ ಕಡೆಯ ಅರ್ಧ ಹಾಗೇ ಉಳಿಯುತ್ತಿತ್ತು. ಅವಳು ಎದ್ದು ಹೋದ ಮೇಲೆ ನಾನು ಕಳ್ಳನಂತೆ ಅದನ್ನು ತಿನ್ನುತ್ತಿದ್ದೆ. ಮತ್ತೆ ಬಂದು ಖಾಲಿ ತಟ್ಟೆ ನೋಡಿ ಅವಳು ಒಂದು ಕ್ಷಣ ನಿಲ್ಲುವಳು, ಆಮೇಲೆ ಮೆಲ್ಲಗೆ ಮೇಣದ ಬತ್ತಿ ಹಚ್ಚುವಳು. ಆ ಬೆಳಕಿನಲ್ಲಿ ಗೋಡೆಯ ಮೇಲೆ ಎರಡು ನೆರಳು ಬಿದ್ದಿವೆಯೇ ಎಂದು ನಾನು ಎಣಿಸಿ ನೋಡುವ ಸ್ಥಿತಿಗೆ ಬಂದಿದ್ದೆ.

ಹತ್ತನೆಯ ದಿನ ಅವಳು ಕಾಫಿಗೆ ಬೀಜ ಹುರಿದಳು. ನಾನು ಎದುರಿಗೆ ಕೂತೆ.

“ಯೆಶಿ, ಸಾಕು. ನಾನು ತಪ್ಪು ಮಾಡಿದೆ ಅಂತಲೇ ಇಟ್ಟುಕೋ. ಬೈಯಿ.”

ಅವಳು ಜೆಬೆನಾ ಎಂಬ ಮಣ್ಣಿನ ಹೂಜಿಯಿಂದ ಒಂದು ಬಟ್ಟಲಿಗೆ ಕಾಫಿ ಬಗ್ಗಿಸಿದಳು. ನಾನು ಕುದಿಯುವ ಆ ಜೆಬೆನಾದ ಹೊಟ್ಟೆಯನ್ನೇ ಅಂಗೈಯಿಂದ ಒತ್ತಿ ಹಿಡಿದೆ. ಚುರ್ ಎಂದಿತು. ನಾನು ಚೀರಿದೆ. ಸುಟ್ಟಿತಲ್ಲ, ನಾನು ಇದ್ದೇನೆ ಎಂದು ಕಣ್ಣಲ್ಲಿ ನೀರು ಬಂದರೂ ಖುಷಿಯಾಯಿತು. ಯೆಶಿ ಬಟ್ಟಲನ್ನು ತುಟಿಗೆ ಹಿಡಿದು ಊದುತ್ತಿದ್ದಳು. ಒಂದು ರೆಪ್ಪೆಯೂ ಅಲುಗಲಿಲ್ಲ. ಆಮೇಲೆ ತುಂಬ ಮೃದುವಾಗಿ, ತನಗೇ ಹೇಳಿಕೊಳ್ಳುವಂತೆ, “ಅವರಿಗೂ ಈ ವಾಸನೆ ಇಷ್ಟ ಇತ್ತು” ಎಂದಳು. ಆಗ ನನಗೆ ನಿಜವಾಗಿ ಭಯವಾಯಿತು. ಮಂಚದ ಅಂಚಿನಲ್ಲಿ ಕೂತು ಅತ್ತೆ. ಅಳು ಕೂಡ ಹಾಡು ಕಟ್ಟಲಾಗದಂಥದು.

ಹನ್ನೊಂದನೆಯ ಬೆಳಿಗ್ಗೆ ಮತ್ತೆ ಕಹಳೆ. ನಾನು ಕಿವಿ ಮುಚ್ಚಿಕೊಂಡೆ. ಎರಡನೆಯ ಸಲ ಸತ್ತರೆ ಎಲ್ಲಿಗೆ ಹೋಗುತ್ತೇನೋ ತಿಳಿಯದು. ಆದರೆ ಕೂಗಿದ ಹೆಸರು ನನ್ನದಲ್ಲ. ಮೂಲೆಮನೆಯ ಅಜ್ಜಿ ಹೋಗಿದ್ದಳು, ನಾಯಿಯ ಒಡತಿ. ಯೆಶಿ ನೆಟೆಲಾ ಶಾಲು ಹೊದ್ದು ಮಂಜಿನಲ್ಲಿ ನಡೆದಳು. ಅವಳ ಹಿಂದೆ ನಾನೂ ನಡೆದೆ. ಯಾವ ಸಿದ್ಧಾಂತದ ಪ್ರಕಾರ ಎಂದು ಕೇಳಬೇಡಿ. ಆ ಮನೆಯಲ್ಲಿ ಇನ್ನೊಂದು ದಿನ ಒಬ್ಬನೇ ಇರಲು ನನ್ನಿಂದ ಸಾಧ್ಯವಿರಲಿಲ್ಲ.

ಇದ್ದಿರ್‌ನ ಉಗ್ರಾಣ ತೆರೆದಿತ್ತು. ಒಳಗೆ ಬೆಂಚುಗಳು ಒಂದರ ಮೇಲೊಂದು. ಒಂದೊಂದೂ ಎಂಟು ಅಡಿ, ಇಬ್ಬರಿಲ್ಲದೆ ಎತ್ತಲಾಗದ ಮರ. ನಾನು ಮೊದಲನೆಯದರ ತುದಿ ಹಿಡಿದು ಎಳೆದೆ. ಸುಟ್ಟ ಅಂಗೈ ಉರಿಯಿತು. ಬೆಂಚಿನ ಇನ್ನೊಂದು ತುದಿ ಕೆಸರಿನಲ್ಲಿ ಗೀರು ಹಾಕುತ್ತ ಬಂತು. ಹತ್ತು ಹೆಜ್ಜೆ ಎಳೆದು ನಿಂತೆ, ಮತ್ತೆ ಎಳೆದೆ. ಹೊಳೆಯುವ ಬೂಟುಗಳು ಕೆಸರಿನಲ್ಲಿ ಹೂತವು. ಇದ್ದಕ್ಕಿದ್ದಂತೆ ಭಾರ ಕಡಿಮೆಯಾಯಿತು. ಹಿಂದೆ ತಿರುಗಿದೆ. ಬೆಂಚಿನ ಆ ತುದಿ ಮಂಜಿನೊಳಗೆ ತಾನೇ ತಾನಾಗಿ ಮೇಲೆದ್ದು ನಿಂತಿತ್ತು, ಹಿಡಿದವರು ಯಾರೂ ಇಲ್ಲ.

ಸತ್ತವರ ಪುಟದಲ್ಲಿ ನನಗಿಂತ ಮುಂಚೆ ಬರೆಸಿಕೊಂಡವರೆಲ್ಲ ನೆನಪಾದರು.

“ನಿಂತ್ಕೊಂಡ್ರೆ ಹೇಗಪ್ಪ? ನಡಿ, ನನಗೂ ವಯಸ್ಸಾಗಿದೆ” ಎಂದಿತು ಮಂಜು. ಗಾಶೆ ವೊಂದಿರಾದ್ ಅವರ ಧ್ವನಿ. ಬಿಳಿ ಗಾಬಿ ಕಂಬಳಿ ಹೊದ್ದವರು ಬಿಳಿ ಮಂಜಿನಲ್ಲಿ ಕಂಡಿರಲಿಲ್ಲ, ಅಷ್ಟೇ. ಹನ್ನೊಂದು ದಿನಗಳ ಮೇಲೆ ಒಬ್ಬ ಮನುಷ್ಯ ನನ್ನನ್ನು ಗದರಿಸಿದ್ದ. ನಾನು ಹದಿನಾಲ್ಕು ಬೆಂಚು ಹೊತ್ತೆ. ಪ್ರತಿಯೊಂದಕ್ಕೂ ಆ ತುದಿಗೆ ಯಾರೋ ಬಂದರು. ಮೂರು ದಿನ ಗುಡಾರದಲ್ಲಿ ಕೂತೆ, ಅಜ್ಜಿಗಾಗಿ ಅತ್ತೆ, ಬೇಯಿಸಿದ ಕಾಳು ಬಡಿಸಿದೆ. ನಾಯಿ ನನ್ನ ಕಾಲು ಮೂಸಿ ಗುರ್ ಎಂದಿತು. ಎಂಥ ಸಂತೋಷ!

ಯೆಶಿ ಮಾತ್ರ ಇನ್ನೂ ನನ್ನ ಕಡೆ ನೋಡಿರಲಿಲ್ಲ.

ಮೂರನೆಯ ದಿನ ಎಲ್ಲ ಮುಗಿದ ಮೇಲೆ ಗಾಶೆ ನನ್ನನ್ನು ಪುಸ್ತಕದ ಮುಂದೆ ನಿಲ್ಲಿಸಿದರು. ಲಿಸಾನು ತಲೆ ಕೆರೆದುಕೊಂಡರು. “ಗಾಶೆ, ಸತ್ತವರ ಪುಟದಿಂದ ವಾಪಸ್ ಕರೆಯೋಕೆ ಇದರಲ್ಲಿ ಜಾಗ ಇಲ್ಲ. ಹೊಸದಾಗಿ ಬರ್ಕೋಬೇಕು. ಹೊಸಬರನ್ನ ಬರ್ಕೋಬೇಕಾದ್ರೆ ಯಾವುದಾದ್ರೂ ಮನೆ ಯಜಮಾನರು ಇವರು ಇಂಥೋರು ಅಂತ ಹೇಳ್ಬೇಕು.”

“ಆ ಮನೆ ಯಜಮಾನರು ಯಾರು ಈಗ?”

“ಯೆಶಿಮೆಬೆತ್.”

ಯೆಶಿಯನ್ನು ಕರೆದರು. ಕಪ್ಪು ಬಟ್ಟೆಯಲ್ಲಿ ಬಂದು ನಿಂತಳು. “ಹೇಳಮ್ಮ” ಎಂದರು ಗಾಶೆ. “ಇವರು ಯಾರು? ನಿಮ್ಮೆಜಮಾನ್ರಾ?”

ಅವಳು ನನ್ನನ್ನು ನೋಡಿದಳು. ಕೆಸರಾದ ಬೂಟು, ಹರಿದ ಅಂಗಿತೋಳು, ಬಟ್ಟೆ ಸುತ್ತಿದ ಅಂಗೈ, ಎಲ್ಲವನ್ನೂ ನೋಡಿದಳು. ಇಷ್ಟು ಹೊತ್ತು ಅವಳು ನನ್ನನ್ನು ನೋಡಿದ್ದು ಮದುವೆಗೆ ಮುಂಚೆ ಒಂದು ಸಲ ಮಾತ್ರ. ಒಂದು ರಾಷ್ಟ್ರ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಒಬ್ಬ ಹೆಂಗಸಿನ ನಾಲಿಗೆಯ ತುದಿಯಲ್ಲಿತ್ತು.

“ಅಲ್ಲ ಗಾಶೆ” ಎಂದಳು.

ಲಿಸಾನು ಪೆನ್ನು ಕೆಳಗಿಟ್ಟರು.

“ಮುಖ ಅವರದೇ. ಆದ್ರೆ ನಮ್ಮೆಜಮಾನ್ರು ಬೆಂಚು ಹೊರೋರಲ್ಲ. ತಪ್ಪು ಮಾಡಿದೆ ಅನ್ನೋರಲ್ಲ. ಮಂಚದ ಮೇಲೆ ಕೂತು ಅಳೋರಂತೂ ಅಲ್ವೇ ಅಲ್ಲ. ಅವರು ಹೋದ್ರು. ಅವರನ್ನ ಆ ಪುಟದಲ್ಲೇ ಬಿಡಿ.” ನೆಟೆಲಾದ ಸೆರಗಿನಿಂದ ಮೂಗು ಒರೆಸಿಕೊಂಡಳು. “ಇವರು ಯಾರೋ ಗೊತ್ತಿಲ್ಲ. ಪರವಾಗಿಲ್ಲ ಅನ್ಸುತ್ತೆ. ಇರಲಿ, ಬರ್ಕೊಳ್ಳಿ.”

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲಿಸಾನು ಪೆನ್ನು ಎತ್ತಿ, ಜೀವಮಾನದಲ್ಲಿ ಮೊದಲ ಸಲ ಕಂಡವರಂತೆ ನನ್ನನ್ನು ಗೌರವದಿಂದ ನೋಡಿ, “ತಮ್ಮ ಹೆಸರು?” ಎಂದರು.

ನಾನು ಎದೆ ಉಬ್ಬಿಸಿ ಬಾಯಿ ತೆರೆದೆ. ಯೆಶಿ ಕೈ ಅಡ್ಡ ಹಿಡಿದಳು.

“ಹೆಸರು ಈಗ್ಲೇ ಬೇಡ, ಸ್ವಲ್ಪ ದಿನ ನೋಡೋಣ” ಎಂದಳು. “ನನ್ನ ಹೆಸರಿನ ಕೆಳಗೆ ‘ಮತ್ತು ಇನ್ನೊಬ್ಬರು’ ಅಂತ ಬರೀರಿ, ಸಾಕು.”